ಛೋಟಾನಾಗಪುರದ ಒಕ್ಕಲಿಗರೂ ಪಾದ್ರಿಗಳೂ

ಬಂಗಾಲದ ಬಯಲು ಮುಗಿದು ಮಧ್ಯ ಹಿಂದೂಸ್ಥಾನದ ಕಾಡುಗುಡ್ಡಗಳು ಮೊದಲಾಗುವ ಎಡೆಯಲ್ಲಿ, ಸಮುದ್ರಮಟ್ಟದಿಂದ 2000 ಅಡಿಗಳಿಗೂ ಮಿಕ್ಕ ಎತ್ತರದಲ್ಲಿ, ರಾಂಚಿಯ ಪ್ರಸ್ಥಭೂಮಿಯು ಹರಡಿಕೊಂಡಿದೆ. ಹಿಂದೆ ಛೋಟಾನಾಗಪುರವೆಂದು ಕರೆಯಿಸಿಕೊಳ್ಳುತ್ತಿದ್ದ ಈ ನಾಡಿನ ಬಹುಭಾಗವು 2000ನೆಯ ಇಸವಿಯಿಂದ ಝಾರಖಂಡವೆಂಬ ಪ್ರತ್ಯೇಕ ರಾಜ್ಯವಾಗಿದೆ. ಇಲ್ಲಿಯ ಪುರಾತನ ನಿವಾಸಿಗಳಲ್ಲಿ ಮುಖ್ಯರಾದವರು ಮುಂಡರು ಮತ್ತು ಉರಾಂವರು. ಉರಾಂವರಾಡುವ ಕುಡುಖ್ ಭಾಷೆಯು ದ್ರಾವಿಡ ಕುಲಕ್ಕೆ ಸೇರಿದುದು. ಅಂದರೆ ಕನ್ನಡಕ್ಕೆ ದೂರದ ತಂಗಿ. ಮುಂಡಾರಿಯು ಬೇರೆಯೇ ಒಂದು ಮನೆತನದ ಮಾತು. ಭಾಷೆಯಲ್ಲಿ ಬೇರೆಯಾಗಿದ್ದರೂ ಈ ಎರಡು ಜನಾಂಗಗಳ ಇತಿಹಾಸವು ಒಂದೇ ದುಃಖದ ದಾರದಲ್ಲಿ ಪೋಣಿಸಲ್ಪಟ್ಟಿದೆ. ಆ ದುಃಖವು ಭೂಮಿಯದು.

ಮುಂಡರ ಭೂಸ್ವಾಮ್ಯದ ಪದ್ಧತಿಗೆ ಖುಂಟ್‌ಕಟ್ಟಿ ಎಂದು ಹೆಸರು. ಯಾವ ಕುಲದವರು ಮೊದಲು ಕಾಡನ್ನು ಕಡಿದು ಊರನ್ನು ಕಟ್ಟಿದರೋ ಆ ಕುಲಕ್ಕೆ, ಆ ಊರಿನ ಎಲ್ಲೆಯೊಳಗಿನ ಹೊಲ, ಬೀಳು, ಕಾಡು, ನೀರು ಎಲ್ಲವೂ ಸೇರಿದುವು. ಒಬ್ಬನು ತನ್ನ ಪಾಲನ್ನು ಉಣ್ಣಬಹುದಿತ್ತು. ಹೊರಗಿನವನಿಗೆ ಮಾರಲು ಆತನಿಗೆ ಅಧಿಕಾರವಿರಲಿಲ್ಲ. ಊರಿನ ಹಿರಿಯನು ಮುಂಡ, ಪೂಜಾರಿಯು ಪಾಹನ್, ಹಲವು ಊರುಗಳ ಗುಂಪಿಗೆ ಮುಖ್ಯಸ್ಥನು ಮಾನಕಿ. ಈ ಹಕ್ಕಿಗೆ ಕಾಗದದ ಆಧಾರವೊಂದೂ ಇರಲಿಲ್ಲ. ಊರ ಹೊರಗೆ ಹುಣಿಸೆಯ ಮರಗಳ ನೆರಳಿನಲ್ಲಿ ಹಿರಿಯರ ಎಲುಬುಗಳ ಮೇಲೆ ಹಾಸಿದ ದೊಡ್ಡ ಚಪ್ಪಡಿಗಲ್ಲುಗಳೇ ಅವರ ಪತ್ರಗಳು. ಸಸನ್‌ದಿರಿ ಎಂದು ಕರೆಯಲ್ಪಡುವ ಆ ಕಲ್ಲುಗಳ ಕೆಳಗೆ ಯಾರ ಹಿರಿಯರು ಮಲಗಿರುವರೋ ಅವರದೇ ಊರು. ಕಲ್ಲನ್ನು ಓದಬಲ್ಲವರಿಗೆ ಇದಕ್ಕಿಂತ ಗಟ್ಟಿಯಾದ ದಾಖಲೆ ಬೇಡ. ಆದರೆ ಕೋರ್ಟಿನ ಗುಮಾಸ್ತನಿಗೆ ಕಲ್ಲನ್ನು ಓದಲು ಬಾರದು.

ನಾಗವಂಶದ ರಾಜರು ಹಿಂದಿನ ಕಾಲದಲ್ಲಿ ಈ ಊರುಗಳಿಂದ ಅಲ್ಪವಾದ ಕಾಣಿಕೆಯನ್ನು ಮಾತ್ರ ಪಡೆಯುತ್ತಿದ್ದರು. ಕಾಲಕ್ರಮದಲ್ಲಿ ಅರಮನೆಯ ವೈಭವವು ಬೆಳೆಯಿತು. ಬಯಲುಸೀಮೆಯಿಂದ ಬಂದ ಬ್ರಾಹ್ಮಣರು, ಸಿಪಾಯಿಗಳು, ವರ್ತಕರು ಮೊದಲಾದವರಿಗೆ ಸಂಬಳಕ್ಕೆ ಬದಲಾಗಿ ಊರುಗಳನ್ನೇ ಜಹಗೀರು ಕೊಡುವ ರೂಢಿಯು ಬಂದಿತು. 1765ರಲ್ಲಿ ಬಂಗಾಲ ಬಿಹಾರಗಳ ದಿವಾನಿಯು ಕಂಪೆನಿಯ ಕೈಸೇರಿದ ಮೇಲೆ ರಾಜನಿಂದ ರೊಕ್ಕದ ವಸೂಲಿಯು ಬಿಗಿಯಾಯಿತು. ರಾಜನು ಜಹಗೀರುದಾರನನ್ನು ಬಿಗಿದನು. ಜಹಗೀರುದಾರನು ಗುತ್ತಿಗೆದಾರನನ್ನು ತಂದು ಊರಿನ ಮೇಲೆ ಕೂರಿಸಿದನು. ಕಾಣಿಕೆಯು ಗೇಣಿಯಾಯಿತು. ಗೇಣಿಯ ಮೇಲೆ ಬಿಟ್ಟಿ ಬಂದಿತು: ಒಡೆಯನ ಹೊಲವನ್ನು ಉಳುವುದು, ನಾಟಿ ಮಾಡುವುದು, ಕೊಯ್ಯುವುದು, ಅವನ ಹೊರೆಯನ್ನು ಹೊರುವುದು; ಅದೂ ಒಕ್ಕಲಿಗನ ಸ್ವಂತ ಹೊಲವು ಮಳೆಗೆ ಹದವಾಗಿ ನಿಂತಿರುವ ದಿನಗಳಲ್ಲಿಯೇ. ಕೂಲಿಗಾರನನ್ನು ಯಾವ ದಿನ ಕರೆಯಬೇಕೆಂಬುದು ಒಡೆಯನ ಇಷ್ಟವಾಗಿದ್ದಾಗ, ಬಿಟ್ಟಿಯ ದಿನಗಳ ಲೆಕ್ಕಕ್ಕಿಂತ ಆ ಇಷ್ಟವೇ ಹೆಚ್ಚು ಭಾರವಾಗಿದ್ದಿತು.

1831-32ರಲ್ಲಿ ಈ ಜನರು ಬಿಲ್ಲುಬಾಣಗಳನ್ನೆತ್ತಿ ಪರಸ್ಥಳದ ಗುತ್ತಿಗೆದಾರರ ಮನೆಗಳನ್ನು ಸುಟ್ಟರು. ಚರಿತ್ರೆಯಲ್ಲಿ ಇದಕ್ಕೆ ಕೋಲರ ದಂಗೆಯೆಂದು ಹೆಸರು. ದಂಗೆಯು ಅಡಗಿತು, ಆಡಳಿತದ ವ್ಯವಸ್ಥೆಯು ಬದಲಾಯಿತು, ಗುತ್ತಿಗೆದಾರರು ಮರಳಿ ಬಂದರು.

ಇಂತಹ ನಾಡಿಗೆ 1845ನೆಯ ಇಸವಿ ನವಂಬರದಲ್ಲಿ ಬರ್ಲಿನ್ ನಗರದ ಗಾಸ್ನರ್ ಎಂಬ ಧರ್ಮಗುರುವು ಕಳುಹಿದ ನಾಲ್ವರು ಜರ್ಮನ್ ಪಾದ್ರಿಗಳು ಬಂದರು. ಕಲಕತ್ತೆಯ ಬೀದಿಗಳಲ್ಲಿ ಕೂಲಿಮಾಡುತ್ತಿದ್ದ ಕಪ್ಪುಮೈಯ ನಗುಮುಖದ ಜನರನ್ನು ಕಂಡು, ಇವರಾರು, ಇವರ ಊರಾವುದು ಎಂದು ವಿಚಾರಿಸಿ ರಾಂಚಿಯ ದಾರಿ ಹಿಡಿದರೆಂಬ ಪ್ರತೀತಿಯಿದೆ. ಐದು ವರ್ಷಗಳವರೆಗೆ ಒಬ್ಬನೂ ಅವರ ಮತಕ್ಕೆ ಸೇರಲಿಲ್ಲ. 1850ರಲ್ಲಿ ನಾಲ್ವರು ಉರಾಂವರು ದೀಕ್ಷಾಸ್ನಾನವನ್ನು ಪಡೆದರು. ಆ ಬಳಿಕ ಜನರು ಬರತೊಡಗಿದರು. ಬರುವವರ ಒಂದು ಕೈಯಲ್ಲಿ ಧರ್ಮದ ಜಿಜ್ಞಾಸೆಯಿದ್ದರೆ ಇನ್ನೊಂದು ಕೈಯಲ್ಲಿ ಕೋರ್ಟಿನ ಸಮನ್ಸು ಇರುತ್ತಿದ್ದಿತು. ಪಾದ್ರಿಗಳಿಗೆ ಇದು ಸಂತೋಷವನ್ನೂ ಸಂಕೋಚವನ್ನೂ ಒಮ್ಮೆಗೇ ಉಂಟುಮಾಡಿತು. ಭೂಮಿಯ ಆಸೆಗಾಗಿ ಬಂದವನನ್ನು ದೇವರ ಮನೆಗೆ ಹೇಗೆ ಸೇರಿಸುವುದು? ಭೂಮಿಯನ್ನು ಕಳೆದುಕೊಂಡವನನ್ನು ಹೇಗೆ ಹೊರಗಟ್ಟುವುದು? ಈ ಎರಡು ಪ್ರಶ್ನೆಗಳ ನಡುವೆ ಆ ಇಗರ್ಜಿಯು ಮುಂದಿನ ಐವತ್ತು ವರ್ಷಗಳನ್ನು ಕಳೆಯಿತೆಂದರೆ ತಪ್ಪಾಗಲಾರದು.

1857ರ ಗಲಭೆಯಲ್ಲಿ ಪಾದ್ರಿಗಳು ರಾಂಚಿಯನ್ನು ಬಿಟ್ಟು ಓಡಬೇಕಾಯಿತು. ಕ್ರೈಸ್ತ ಒಕ್ಕಲುಗಳ ಮನೆಗಳನ್ನು ಜಮೀನುದಾರರ ಕಡೆಯವರು ಲೂಟಿ ಮಾಡಿದರು. ಶಾಂತಿಯಾದ ಬಳಿಕ ಮರಳಿ ಬಂದ ಕ್ರೈಸ್ತರಲ್ಲಿ ಹೊಸ ಧೈರ್ಯವು ಕಾಣಿಸಿತು. ತಮ್ಮ ಹಳೆಯ ಹಕ್ಕಿನ ಹೊಲಗಳನ್ನು ಅವರು ಕೇಳತೊಡಗಿದರು. ಅವರ ಮಾತಿಗೂ ಪಾದ್ರಿಗಳ ಬರಹಗಳಿಗೂ ಸರಕಾರವು ಕಿವಿಗೊಟ್ಟುದರ ಫಲವಾಗಿ 1869ರಲ್ಲಿ ಒಂದು ಕಾನೂನು ಹೊರಟಿತು. ಮೊದಲ ಕುಲದವರ ಭುಂಯಿಹರಿ ಭೂಮಿಗಳನ್ನು ಅಳೆದು ದಾಖಲೆ ಮಾಡಬೇಕೆಂದೂ, ಹಿಂದಣ ಇಪ್ಪತ್ತು ವರ್ಷಗಳೊಳಗೆ ಅನ್ಯಾಯವಾಗಿ ಹೋದುದನ್ನು ಮರಳಿ ಕೊಡಿಸಬೇಕೆಂದೂ ಅದರ ತಾತ್ಪರ್ಯ. 1880ರವರೆಗೆ ಅಳತೆಯ ಕೆಲಸವು ನಡೆಯಿತು. ಆದರೆ ಅದಕ್ಕೂ ಹಿಂದೆ ಕಳೆದುಹೋದ ಭೂಮಿಗೆ ಉಪಾಯವಿರಲಿಲ್ಲ. ಮುಂಡರ ಇಡಿಯ ಊರಿನ ಸಾಮೂಹಿಕ ಸ್ವಾಮ್ಯವನ್ನಂತೂ ಆ ಕಾನೂನು ಗುರುತಿಸಲೇ ಇಲ್ಲ. ಅರ್ಧ ಹೊಟ್ಟೆಗೆ ಬಡಿಸಿ ಎಲೆಯನ್ನೆತ್ತಿದಂತಾಯಿತು.

ಈ ಅತೃಪ್ತಿಯಿಂದಲೇ ಸರದಾರರ ಚಳವಳವು ಬಲಗೊಂಡಿತು. ಸರದಾರರೆಂದರೆ ಸೈನ್ಯದ ನಾಯಕರಲ್ಲ. ಊರೂರಿನಿಂದ ಹಣವೆತ್ತಿ, ಕಲಕತ್ತೆಯ ವಕೀಲರಿಂದ ಅರ್ಜಿಗಳನ್ನು ಬರೆಯಿಸಿ, ಸರಕಾರದ ಬಾಗಿಲನ್ನು ತಟ್ಟುತ್ತಿದ್ದ ಮುಂಡ ಮತ್ತು ಉರಾಂವ ಮುಖಂಡರು. ಇವರಲ್ಲಿ ಹಲವರು ಜರ್ಮನ್ ಪಾದ್ರಿಗಳ ಸಭೆಗೆ ಸೇರಿದವರು. ತಮ್ಮ ಗುರುಗಳು ಕೊನೆಯವರೆಗೂ ತಮ್ಮೊಡನೆ ನಿಲ್ಲುವರೆಂದು ಇವರು ನಂಬಿದ್ದರು. ನಾಡೆಲ್ಲ ತಮ್ಮದೇ, ಜಮೀನುದಾರರಿಗೆ ಏನನ್ನೂ ಸಲ್ಲಿಸಬೇಕಾದುದಿಲ್ಲ ಎಂಬ ಮಟ್ಟಿಗೆ ಅವರ ಬೇಡಿಕೆಯು ಏರಿದಾಗ ಪಾದ್ರಿಗಳು ಹಿಂಜರಿದರು. ಆಗ ಸರದಾರರು ಇಗರ್ಜಿಯನ್ನು ಬಿಟ್ಟರು. ಬಿಳಿಯರ ಟೊಪ್ಪಿಗೆಗಳೆಲ್ಲ ಒಂದೇ ಎಂಬರ್ಥದ ಮಾತು ಅವರ ನಡುವೆ ಹುಟ್ಟಿದುದು ಈ ಕಹಿಯಿಂದ.

ಇದೇ ಸಮಯದಲ್ಲಿ ರೋಮನ್ ಕಥೋಲಿಕರ ಪಂಗಡದ ಒಬ್ಬ ತರುಣನು ಈ ನಾಡಿಗೆ ಬಂದನು. ಕಾನ್‌ಸ್ಟಂಟ್ ಲೀವನ್ಸ್ ಎಂಬ ಈತನು ಬೆಲ್ಜಿಯಂ ದೇಶದ ಮೂರ್‌ಸ್ಲೇಡ್ ಎಂಬ ಹಳ್ಳಿಯಲ್ಲಿ 1856ರಲ್ಲಿ ಹುಟ್ಟಿದವನು, ಯೇಸುಸಭೆಯ ಸನ್ಯಾಸಿ. 1885ರಲ್ಲಿ ರಾಂಚಿಗೆ ಬಂದು ತೋರ್ಪಾ ಎಂಬ ಊರಿನಲ್ಲಿ ನೆಲೆಸಿದನು. ಜನರಿಗೆ ಬೇಕಾದುದೇನೆಂದು ತಿಳಿಯಲು ಆತನಿಗೆ ಹೆಚ್ಚು ದಿನ ಹಿಡಿಯಲಿಲ್ಲ. ಆತನು ಪಂಚಾಂಗದಂತೆ ಗೇಣಿಯ ಕಾನೂನನ್ನು ಓದಿಕೊಂಡನು. ಬಿಟ್ಟಿಯ ಪದ್ಧತಿಯನ್ನೂ ಊರುಗಳ ರೂಢಿಗಳನ್ನೂ ಕೇಳಿ ಬರೆದಿಟ್ಟನು. ಒಕ್ಕಲಿಗನು ತಂದ ಸಮನ್ಸನ್ನು ಓದಿ ಅದರ ಅರ್ಥವನ್ನು ಬಿಡಿಸಿ ಹೇಳುವುದು, ತಕ್ಕ ವಕೀಲನ ಬಳಿಗೆ ಕಳುಹುವುದು, ಸಾಕ್ಷಿಗಳನ್ನು ಹೊಂದಿಸಿಕೊಡುವುದು, ಇವೆಲ್ಲವೂ ಆತನ ಮಠದ ಜಗಲಿಯ ಮೇಲೆಯೇ ನಡೆಯತೊಡಗಿದುವು.

ಆತನ ಉಪದೇಶವು ಸರಳವಾಗಿದ್ದಿತು. ನ್ಯಾಯವಾದ ಗೇಣಿಯನ್ನು ತಪ್ಪದೆ ಕೊಡಬೇಕು. ಕೊಟ್ಟುದಕ್ಕೆ ರಸೀದಿಯನ್ನು ಕೇಳಬೇಕು. ಕಾನೂನಿನಲ್ಲಿಲ್ಲದ ಬಿಟ್ಟಿಯನ್ನೂ ಹೆಚ್ಚುವರಿ ವಸೂಲಿಯನ್ನೂ ಒಪ್ಪಬಾರದು. ರಸೀದಿಯೆಂಬ ಚಿಕ್ಕ ಚೀಟಿಯ ಬೆಲೆಯು ಈಗಿನವರಿಗೆ ತಟ್ಟನೆ ಹೊಳೆಯಲಾರದು. ರಸೀದಿಯಿಲ್ಲದವನು ಅದೇ ವರ್ಷದ ಗೇಣಿಯನ್ನು ಎರಡು ಸಲ ತೆರಬಹುದು. ಬಾಕಿಯೆಂಬ ನೆಪದಿಂದ ಹೊಲವನ್ನೇ ಕಳೆದುಕೊಳ್ಳಬಹುದು. ರಸೀದಿಯಿದ್ದವನ ಮೇಲೆ ದಾವೆ ನಿಲ್ಲದು. ಬೇರೆ ಯಾರೂ ಕೊಡದಿದ್ದ ಆಯುಧವನ್ನು ಲೀವನ್ಸನು ಕೊಟ್ಟನು. ಅದು ಓದುಬರಹ ಬಲ್ಲ ಒಬ್ಬ ಸ್ನೇಹಿತನ ನೆರವು. ಪರಿಣಾಮವೇನೆಂದರೆ, ಅಲ್ಲಿಯವರೆಗೆ ಬೆರಳೆಣಿಕೆಯಷ್ಟಿದ್ದ ಕಥೋಲಿಕರ ಸಂಖ್ಯೆಯು ಏಳು ವರ್ಷಗಳೊಳಗೆ ಹತ್ತಾರು ಸಾವಿರಗಳಿಗೆ ಏರಿತು. ಕುದುರೆಯ ಮೇಲೆ ಊರೂರು ತಿರುಗಿ, ಪಶ್ಚಿಮದ ಬರ್ವೆ ಸೀಮೆಯಲ್ಲಿ ಊರಿಗೆ ಊರೇ ಸೇರುವುದನ್ನು ಆತನು ಕಂಡನು.

ಜಮೀನುದಾರರು ಸುಮ್ಮನಿರಲಿಲ್ಲ. ಪಾದ್ರಿಯು ಗೇಣಿಯನ್ನು ನಿಲ್ಲಿಸಿರೆಂದು ಜನರನ್ನು ಎತ್ತಿಕಟ್ಟುತ್ತಿದ್ದಾನೆಂಬ ದೂರು ಅಧಿಕಾರಿಗಳಿಗೆ ಹೋಯಿತು. 1889-90ರಲ್ಲಿ ಕ್ರೈಸ್ತ ಒಕ್ಕಲುಗಳ ಮೇಲೆ ಹಲವೆಡೆ ಜುಲುಮೆ ನಡೆಯಿತು. ಹಲವರು ಸೆರೆಮನೆಯನ್ನೂ ಕಂಡರು. ಇಷ್ಟು ಬೇಗ ಇಷ್ಟು ಜನರು ಮತವನ್ನು ಬದಲಿಸಿದುದು ನಿಜವಾದ ನಂಬಿಕೆಯಿಂದಲೋ ಮೊಕದ್ದಮೆಯ ಆಸೆಯಿಂದಲೋ ಎಂಬ ಸಂದೇಹವು ಆಗಲೇ ಎದ್ದಿತು. ಅದು ತೀರ ನಿರಾಧಾರವೆನ್ನುವಂತಿಲ್ಲ. ಸಹಾಯವನ್ನೂ ದೀಕ್ಷೆಯನ್ನೂ ಒಂದೇ ಕೈಯಿಂದ ಕೊಡುವಾಗ, ಪಡೆಯುವವನು ಯಾವುದಕ್ಕಾಗಿ ಕೈ ಚಾಚಿದನೆಂದು ಕೊಡುವವನಿಗೂ ತಿಳಿಯದು. ಆದರೆ ಈ ಸಂದೇಹವನ್ನು ಎತ್ತುವವರು ಇನ್ನೊಂದು ಪ್ರಶ್ನೆಗೂ ಉತ್ತರ ಹೇಳಬೇಕಾಗುತ್ತದೆ: ನೂರು ವರ್ಷಗಳವರೆಗೆ ಆ ಜನರ ಸಮನ್ಸನ್ನು ಓದಿಹೇಳಲು ಬೇರೆ ಯಾರು ಆ ಬೆಟ್ಟವನ್ನು ಹತ್ತಿದ್ದರು? ಲೀವನ್ಸನ ದೇಹವಂತೂ ಈ ದುಡಿತವನ್ನು ತಾಳಲಿಲ್ಲ. ಕ್ಷಯರೋಗಕ್ಕೆ ತುತ್ತಾಗಿ 1892ರಲ್ಲಿ ಸ್ವದೇಶಕ್ಕೆ ಮರಳಿ, ಮರುವರುಷದ ನವಂಬರದಲ್ಲಿ ತನ್ನ ಮೂವತ್ತೇಳನೆಯ ವಯಸ್ಸಿನಲ್ಲಿ ತೀರಿಕೊಂಡನು. 1993ರಲ್ಲಿ ಆತನ ಅವಶೇಷಗಳನ್ನು ರಾಂಚಿಗೆ ತಂದರು.

ಕೋರ್ಟಿನ ದಾರಿಯು ಒಬ್ಬೊಬ್ಬ ಒಕ್ಕಲಿಗನನ್ನು ಉಳಿಸಬಹುದು. ಒಂದು ಜನಾಂಗವನ್ನು ಉಳಿಸಲಾರದು. ಈ ಮಾತನ್ನು ಬೇರೊಂದು ರೀತಿಯಲ್ಲಿ ಹೇಳಿದವನು ಬಿರ್ಸಾ ಮುಂಡ. 1875ರಲ್ಲಿ ಹುಟ್ಟಿದ ಈತನು ಚಾಯಿಬಾಸಾದಲ್ಲಿ ಜರ್ಮನ್ ಪಾದ್ರಿಗಳ ಶಾಲೆಯಲ್ಲಿ ಓದಿ, ಅವರನ್ನು ತೊರೆದು, ತನ್ನದೇ ಒಂದು ಧರ್ಮವನ್ನು ಸಾರತೊಡಗಿದನು. 1895ರಲ್ಲಿ ಸರಕಾರವು ಆತನನ್ನು ಹಿಡಿದು ಎರಡು ವರ್ಷ ಸೆರೆಯಲ್ಲಿಟ್ಟಿತು. ಹೊರಬಂದ ಬಿರ್ಸಾನು ಮುಂಡರ ರಾಜ್ಯವನ್ನು ಮರಳಿ ಸ್ಥಾಪಿಸುವ ಪಣತೊಟ್ಟನು. 1899ರ ಡಿಸೆಂಬರ 24ರ ರಾತ್ರಿ, ಕ್ರಿಸ್ತಜಯಂತಿಯ ಹಿಂದಿನ ದಿನ, ಉಲ್ಗುಲಾನ್ ಎಂಬ ಮಹಾದಂಗೆಯು ಸಿಡಿಯಿತು. ಜಮೀನುದಾರರ ಮೇಲೆ ಮಾತ್ರವಲ್ಲ, ಪಾದ್ರಿಗಳ ಮಠಗಳ ಮೇಲೆಯೂ ಬಾಣಗಳು ಬಿದ್ದುವು. ಅವುಗಳಲ್ಲಿ ಸರ್ವದಾ ಎಂಬ ಊರಿನ ಕಥೋಲಿಕ ಮಠವೂ ಒಂದು. 1900ನೆಯ ಇಸವಿ ಜನವರಿ 9ರಂದು ಸೈಲ್ ರಕಬ್ ಗುಡ್ಡದ ಮೇಲೆ ಸೈನ್ಯವು ಗುಂಡು ಹಾರಿಸಿತು. ಜೂನ್ 9ರಂದು ಬಿರ್ಸಾನು ರಾಂಚಿಯ ಸೆರೆಮನೆಯಲ್ಲಿ ಸತ್ತನು; ಆತನಿಗೆ ಆಗ ಇಪ್ಪತ್ತನಾಲ್ಕರ ಪ್ರಾಯ.

ಸರ್ವದಾ ಮಠದಲ್ಲಿದ್ದ ಪಾದ್ರಿಯ ಹೆಸರು ಜಾನ್ ಬ್ಯಾಪ್ಟಿಸ್ಟ್ ಹೊಫ್‌ಮನ್. 1857ರಲ್ಲಿ ಜರ್ಮನಿಯ ರೈನ್ ಪ್ರಾಂತದಲ್ಲಿ ಹುಟ್ಟಿ, ತರುಣನಾಗಿರುವಾಗಲೇ ಹಿಂದೂಸ್ಥಾನಕ್ಕೆ ಬಂದು, ಯೇಸುಸಭೆಯ ಬೆಲ್ಜಿಯನ್ನರ ಶಾಖೆಯಲ್ಲಿ ಸನ್ಯಾಸಿಯಾದವನು. ಮುಂಡರ ಬಾಣಗಳು ತನ್ನ ಅಂಗಳದಲ್ಲಿ ಬಿದ್ದ ಬಳಿಕ ಒಬ್ಬನು ಅವರಿಂದ ದೂರ ಸರಿದಿದ್ದರೆ ಲೋಕವು ಅದನ್ನು ತಪ್ಪೆನ್ನುತ್ತಿರಲಿಲ್ಲ. ಹೊಫ್‌ಮನ್ನನು ಅವರ ವ್ಯಾಕರಣವನ್ನು ಬರೆದನು. ಅದು 1903ರಲ್ಲಿ ಅಚ್ಚಾಯಿತು. ಹೀಗೆ ಭಾಷೆಯೊಳಕ್ಕೆ ಇಳಿದವನಿಗೆ ಭೂಮಿಯ ಶಬ್ದಗಳ ಅರ್ಥವು ಸರಕಾರದ ಭಾಷಾಂತರಕಾರರಿಗಿಂತ ಚೆನ್ನಾಗಿ ತಿಳಿದುದರಲ್ಲಿ ಆಶ್ಚರ್ಯವಿಲ್ಲ. ಖುಂಟ್‌ಕಟ್ಟಿದಾರನನ್ನು ಜಮೀನುದಾರನ ಗೇಣಿದಾರನೆಂದು ಭಾಷಾಂತರಿಸಿದ ದಿನವೇ ಅವನ ಅರ್ಧ ಹಕ್ಕು ಹೋಗಿದ್ದಿತು. ಅವನು ಊರಿನ ಒಡೆಯರಲ್ಲೊಬ್ಬನು, ರಾಜನಿಗೆ ಕೊಡುವುದು ಕಾಣಿಕೆಯೇ ಹೊರತು ಗೇಣಿಯಲ್ಲ ಎಂಬುದನ್ನು ಹೊಫ್‌ಮನ್ನನು ಅಧಿಕಾರಿಗಳಿಗೆ ಮತ್ತೆಮತ್ತೆ ಬಿಡಿಸಿ ಹೇಳಿದನು. ಭೂಮಾಪನದ ಅಧಿಕಾರಿಯಾಗಿದ್ದ ಲಿಸ್ಟರ್ ಎಂಬವನೊಡನೆ ಕೂಡಿ ಮುಂಡರ ಭೂವ್ಯವಸ್ಥೆಯ ಮೇಲೆ ಒಂದು ದೀರ್ಘ ಲೇಖವನ್ನು ಸಿದ್ಧಪಡಿಸಿದನು.

ದಂಗೆಯ ಭಯವೂ ಲೇಖನಿಯ ಬಲವೂ ಸೇರಿ 1908ರ ಛೋಟಾನಾಗಪುರ ಗೇಣಿ ಕಾನೂನು ಹುಟ್ಟಿತು. ಬಿರ್ಸಾನಿಲ್ಲದಿದ್ದರೆ ಸರಕಾರವು ಈ ಕೆಲಸಕ್ಕೆ ಕೈಹಾಕುತ್ತಿದ್ದಿತೋ ಇಲ್ಲವೋ. ಹೊಫ್‌ಮನ್ನನಂತಹವರಿಲ್ಲದಿದ್ದರೆ ಕೈಹಾಕಿದ ಸರಕಾರಕ್ಕೆ ಏನು ಬರೆಯಬೇಕೆಂದು ತಿಳಿಯುತ್ತಿರಲಿಲ್ಲ. ಬಾಣ ಬಿಟ್ಟವರೂ ಬಾಣಕ್ಕೆ ಗುರಿಯಾದವನೂ ಹೀಗೆ ಒಂದೇ ಕಾನೂನಿನ ಕರ್ತರಾದರು. ಮುಂಡರ ಖುಂಟ್‌ಕಟ್ಟಿಗಾಗಿಯೇ ಅದರಲ್ಲಿ ಒಂದು ಪ್ರತ್ಯೇಕ ಅಧ್ಯಾಯವಿದೆ. ಒಕ್ಕಲಿಗನು ತನ್ನ ಹೊಲವನ್ನು ಮನಬಂದವರಿಗೆ ಮಾರಲು 46ನೆಯ ಕಲಮು ಎಡೆಗೊಡುವುದಿಲ್ಲ. ಭೋಗ್ಯಕ್ಕೆ ಕೊಡಬಹುದು, ಅದೂ ಏಳು ವರ್ಷಗಳ ಅವಧಿಗೆ, ಬೆಳೆಯ ಉತ್ಪನ್ನದಿಂದಲೇ ಅಸಲು ಬಡ್ಡಿಗಳೆರಡೂ ತೀರಿ ಹೊಲವು ಮರಳಿ ಬರುವಂತೆ. ಈ ಕಾನೂನಿಗೆ ಅಲ್ಲಿಯ ಜನರು ಎಷ್ಟು ಅಂಟಿಕೊಂಡಿರುವರೆಂಬುದು 2016ರಲ್ಲಿ ಕಂಡುಬಂದಿತು. ಆ ವರ್ಷ ಝಾರಖಂಡದ ವಿಧಾನಸಭೆಯು ಒಪ್ಪಿದ ತಿದ್ದುಪಡಿಗೆ ನಾಡೆಲ್ಲ ವಿರೋಧವೆದ್ದು, ರಾಜ್ಯಪಾಲರು ಅದನ್ನು ಹಿಂದಿರುಗಿಸಿ, 2017ರಲ್ಲಿ ಸರಕಾರವು ಅದನ್ನು ಹಿಂತೆಗೆದುಕೊಳ್ಳಬೇಕಾಯಿತು.

ಆದರೆ ಮಾರಲಾಗದ ಹೊಲದ ಮೇಲೆ ಸಾಹುಕಾರನು ಸಾಲವನ್ನೇಕೆ ಕೊಟ್ಟಾನು? ಕೊಟ್ಟರೂ ಬಿತ್ತನೆಯ ಕಾಲದಲ್ಲಿ ಒಂದು ಅಳತೆ ಭತ್ತವನ್ನು ಕೊಟ್ಟು ಸುಗ್ಗಿಯಲ್ಲಿ ಒಂದೂವರೆಯನ್ನು ಅಳೆದುಕೊಳ್ಳುವುದು ಅವನ ಕ್ರಮ. ಹೊಲವನ್ನುಳಿಸಿದ ಕಾನೂನು ಬೀಜಕ್ಕೆ ದಾರಿಯನ್ನು ತೋರಿಸಲಿಲ್ಲ. ಈ ಗಂಟನ್ನು ಬಿಚ್ಚಲು ಹೊಫ್‌ಮನ್ನನು ತನ್ನ ಹುಟ್ಟುನಾಡಿನ ಕಡೆಗೇ ನೋಡಿದನು.

ಅದೇ ರೈನ್ ಪ್ರಾಂತದಲ್ಲಿ ರೈಫೈಸನ್ (1818-1888) ಎಂಬ ಒಬ್ಬ ದೈವಭಕ್ತನಾದ ಗ್ರಾಮಾಧಿಕಾರಿಯಿದ್ದನು. 1846-47ರ ಕ್ಷಾಮದಲ್ಲಿ ಆತನು ಊರಿನ ಉಳ್ಳವರಿಂದ ಹಣವನ್ನು ಕೂಡಿಸಿ ಬಡವರಿಗೆ ರೊಟ್ಟಿಯನ್ನು ಸಾಲವಾಗಿ ಕೊಡಿಸಿದನು. ಕೆಲವು ವರ್ಷ ಇಂತಹ ಸಂಘಗಳು ನಡೆದುವು. ಕ್ರಮೇಣ ಉಳ್ಳವರ ಉತ್ಸಾಹವು ಇಳಿಯಿತು. ದಾನದ ಬಾವಿಯು ಬೇಸಿಗೆಯಲ್ಲಿ ಬತ್ತುವುದೆಂಬುದನ್ನು ಅರಿತ ರೈಫೈಸನನು 1864ರಲ್ಲಿ ಹೆಡ್ಡೆಸ್‌ಡೋರ್ಫ್ ಎಂಬಲ್ಲಿ ಸಂಘದ ಕಟ್ಟಳೆಯನ್ನೇ ತಿರುಗಿಸಿದನು. ಸಾಲ ಬೇಕಾದವನೇ ಸದಸ್ಯನು. ಒಬ್ಬನ ಸಾಲಕ್ಕೆ ಎಲ್ಲರೂ ತಮ್ಮ ಆಸ್ತಿಯೆಲ್ಲದರಿಂದ ಹೊಣೆಗಾರರು. ಸಂಘದ ಕ್ಷೇತ್ರವು ಒಬ್ಬರನ್ನೊಬ್ಬರು ಬಲ್ಲ ಒಂದು ಊರಿನಷ್ಟೇ. ಲಾಭವು ಹಂಚಿಹೋಗದೆ ಸಂಘದಲ್ಲಿಯೇ ಉಳಿಯಬೇಕು. ರೈಫೈಸನನು ಪ್ರಾಟೆಸ್ಟಂಟನು, ಹೊಫ್‌ಮನ್ನನು ಕಥೋಲಿಕನು. ಬೀಜದ ಭತ್ತಕ್ಕೆ ಈ ಭೇದವು ತಿಳಿಯದು.

ಈ ತತ್ತ್ವವು ಹಿಂದೂಸ್ಥಾನಕ್ಕೆ ಬೇರೆ ದಾರಿಯಿಂದಲೂ ಬಂದಿದ್ದಿತು. ಮದರಾಸು ಸರಕಾರದ ಫ್ರೆಡರಿಕ್ ನಿಕಲ್ಸನ್ನನು 1895ರಲ್ಲಿಯೂ 1897ರಲ್ಲಿಯೂ ಬರೆದ ವರದಿಗಳಲ್ಲಿ ರೈಫೈಸನನ ಪದ್ಧತಿಯನ್ನೇ ಎತ್ತಿಹಿಡಿದನು. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾನೂನು ಬಂದಿತು. ಮರುವರುಷವೇ ಗದಗ ತಾಲೂಕಿನ ಕಣಗಿನಹಾಳದಲ್ಲಿ ಶ್ರೀ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಒಕ್ಕಲಿಗರ ಸಂಘವು ಸ್ಥಾಪಿತವಾದುದು ಕನ್ನಡಿಗರೆಲ್ಲರೂ ಬಲ್ಲ ಸಂಗತಿ. ಅಲ್ಲಿ ಪಾದ್ರಿಯೂ ಇರಲಿಲ್ಲ, ಮಠವೂ ಇರಲಿಲ್ಲ; ಊರಿನ ಗೌಡನೇ ಸಾಕಾದನು. ಛೋಟಾನಾಗಪುರದಲ್ಲಿ ಅಂತಹ ಓದುಬಲ್ಲ, ಸರಕಾರದೆದುರು ನಿಲ್ಲಬಲ್ಲ ಹಿರಿಯರನ್ನು ನೂರು ವರ್ಷಗಳ ದಬ್ಬಾಳಿಕೆಯು ಉಳಿಸಿರಲಿಲ್ಲವೆಂಬುದೇ ಎರಡು ಕಥೆಗಳ ಅಂತರ.

1909ರಲ್ಲಿ ಹೊಫ್‌ಮನ್ನನು ರಾಂಚಿಯಲ್ಲಿ ಛೋಟಾನಾಗಪುರ ಕಥೋಲಿಕ ಸಹಕಾರಿ ಪತ್ತಿನ ಸಂಘವನ್ನು ಸ್ಥಾಪಿಸಿದನು. ಅದರ ಶಾಖೆಗಳು ಇಗರ್ಜಿಯ ಸೀಮೆಗಳನ್ನನುಸರಿಸಿ ಹಳ್ಳಿಗಳವರೆಗೆ ಹಬ್ಬಿದುವು. ಇದರೊಡನೆ ಧಾನ್ಯದ ಕಣಜಗಳೂ ಹುಟ್ಟಿಕೊಂಡುವು: ಸುಗ್ಗಿಯಲ್ಲಿ ಊರವರೇ ಕೂಡಿಟ್ಟ ಭತ್ತವು ಬಿತ್ತನೆಯಲ್ಲಿ ಊರವರಿಗೇ ಸಾಲವಾಗಿ ಹೋಗಿ, ಅಲ್ಪ ಹೆಚ್ಚಳದೊಡನೆ ಕಣಜಕ್ಕೆ ಮರಳುವುದು. ಬಳಿಕ ಒಕ್ಕಲುಗಳಿಗೆ ಬೇಕಾದ ಸಾಮಾನುಗಳನ್ನು ಮಾರುವ ಸಹಕಾರಿ ಅಂಗಡಿಯೂ ಏರ್ಪಟ್ಟಿತು. ಲೀವನ್ಸನ ಕಾಲದಲ್ಲಿ ಒಕ್ಕಲಿಗನು ಪಾದ್ರಿಯ ಜಗಲಿಗೆ ಬೇಡಲು ಬರುತ್ತಿದ್ದನು. ಈಗ ಲೆಕ್ಕ ಒಪ್ಪಿಸಲೂ ಲೆಕ್ಕ ಕೇಳಲೂ ಬರುವಂತಾಯಿತು.

ಈ ಸಂಘದ ಕೊರತೆಯೂ ಅದರ ಹೆಸರಿನಲ್ಲಿಯೇ ಇದ್ದಿತು. ಅದು ಕಥೋಲಿಕರ ಸಂಘ. ಒಂದೇ ಕುಲದ, ಒಂದೇ ಸಸನ್‌ದಿರಿಯ ಕೆಳಗಿನ ಹಿರಿಯರಿಗೆ ಹುಟ್ಟಿದ ಇಬ್ಬರು ದಾಯಾದಿಗಳಲ್ಲಿ ಇಗರ್ಜಿಗೆ ಹೋಗುವವನಿಗೆ ಕಣಜದ ಬಾಗಿಲು ತೆರೆದಿತ್ತು. ಪಾಹನನ ಬಳಿಗೆ ಹೋಗುವವನು ಹಿಂದಿನಂತೆ ಸಾಹುಕಾರನ ಮನೆಗೇ ಹೋಗಬೇಕಾಗಿದ್ದಿತು. ಹೊಣೆಗಾರಿಕೆಗೆ ಪರಸ್ಪರ ಪರಿಚಯವೂ ನಂಬಿಕೆಯೂ ಬೇಕು, ಇಗರ್ಜಿಯು ಅದನ್ನು ಒದಗಿಸಿತು ಎಂಬುದು ಅದರ ಪರವಾದ ವಾದ. ವಾದವು ನಿಜ. ಊರೆಂಬುದು ಅದಕ್ಕಿಂತ ಹಳೆಯ ಪರಿಚಯವಾಗಿದ್ದಿತೆಂಬುದೂ ನಿಜ. 1908ರ ಕಾನೂನು ಮತವನ್ನು ಕೇಳದೆ ಎಲ್ಲ ಮುಂಡರನ್ನೂ ಕಾಯ್ದಿತು. 1909ರ ಸಂಘವು ಅಷ್ಟು ವಿಶಾಲವಾಗಲಿಲ್ಲ.

1914ರಲ್ಲಿ ಯುರೋಪಿನ ಮಹಾಯುದ್ಧವು ಆರಂಭವಾದಾಗ ಜರ್ಮನ್ ಪಾದ್ರಿಗಳೆಲ್ಲರೂ ಶತ್ರುಪ್ರಜೆಗಳೆನಿಸಿದರು. ಮಂಗಳೂರು ಧಾರವಾಡಗಳ ಬಾಸೆಲ್ ಮಿಶನ್ನಿನವರಿಗೆ ಒದಗಿದ ಗತಿಯೇ ರಾಂಚಿಯ ಗಾಸ್ನರ್ ಮಿಶನ್ನಿನವರಿಗೂ ಒದಗಿತು. ಗುರುಗಳಿಲ್ಲದೆ ಉಳಿದ ಆ ಸಭೆಯ ಮುಂಡ ಮತ್ತು ಉರಾಂವ ಕ್ರೈಸ್ತರು 1919ರಲ್ಲಿ ತಮ್ಮ ಇಗರ್ಜಿಯು ಸ್ವತಂತ್ರವೆಂದು ಸಾರಿ ತಾವೇ ಅದನ್ನು ನಡೆಯಿಸತೊಡಗಿದರು. ಹೊಫ್‌ಮನ್ನನನ್ನು 1915ರಲ್ಲಿಯೇ ನಾಡಿನಿಂದ ಹೊರಡಿಸಿದ್ದರು. ತನ್ನ ಕಾನೂನಿನ ಲೇಖಕ್ಕೆ ಯಾವ ಸರಕಾರವು ಮನ್ನಣೆ ಕೊಟ್ಟಿದ್ದಿತೋ ಅದೇ ಸರಕಾರದ ಅಪ್ಪಣೆಯಿಂದ, ಸುಮಾರು ಅರವತ್ತರ ಮುದುಕನು ಹಡಗನ್ನು ಹತ್ತಿದನು. ಮತ್ತೆ ಹಿಂದಿರುಗಲಿಲ್ಲ.

ಜರ್ಮನಿಯ ಟ್ರೀರ್ ಪಟ್ಟಣದಲ್ಲಿ ಆತನು ತನ್ನ ಉಳಿದ ಆಯುಷ್ಯವನ್ನು ಮುಂಡಾರಿ ಭಾಷೆಯ ವಿಶ್ವಕೋಶಕ್ಕೆ ಸವೆಯಿಸಿದನು. ಮಂಗಳೂರಿನಲ್ಲಿ 1894ರಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟನ್ನು ಬಲ್ಲವರಿಗೆ ಇಂತಹ ದುಡಿತದ ಪರಿಯು ಹೊಸದಲ್ಲ. ಆದರೆ ಕನ್ನಡಕ್ಕೆ ಸಾವಿರ ವರ್ಷಗಳ ಗ್ರಂಥಗಳಿದ್ದುವು; ಮುಂಡಾರಿಗೆ ಜನರ ಬಾಯಲ್ಲದೆ ಬೇರೆ ಭಂಡಾರವಿರಲಿಲ್ಲ. ಆ ಬಾಯಿಗಳಿಂದ ನಾಲ್ಕು ಸಾವಿರ ಮೈಲುಗಳಾಚೆ ಕುಳಿತು, ತಂದ ಟಿಪ್ಪಣಿಗಳನ್ನೂ ನೆನಪನ್ನೂ ನೆಚ್ಚಿ, ಹೊಲದ ಬದುವಿನ, ನೇಗಿಲಿನ, ಹಬ್ಬದ, ಸಾವಿನ ಶಬ್ದಗಳನ್ನು ಆತನು ಬರೆದನು. ರಾಂಚಿಯ ಕಡೆಯಲ್ಲಿದ್ದ ಆರ್ಥರ್ ವಾನ್ ಎಮೆಲೆನ್ ಎಂಬ ಪಾದ್ರಿಯು ಈ ಕೆಲಸದಲ್ಲಿ ಆತನಿಗೆ ಜೊತೆಯಾದನು. 1928ರ ನವಂಬರದಲ್ಲಿ ಹೊಫ್‌ಮನ್ನನು ತೀರಿಕೊಂಡನು. ಸಂಪುಟಗಳು 1930ರಿಂದ ಪಾಟನಾದ ಸರಕಾರೀ ಮುದ್ರಣಾಲಯದಿಂದ ಒಂದೊಂದಾಗಿ ಹೊರಬರತೊಡಗಿದುವು.